ಮನೆ ಮಾರಾಟದಲ್ಲಿ ಬ್ರೋಕರ್ ಕಮಿಷನ್: ಯಾರು ಕೊಡಬೇಕು, ಎಷ್ಟು, ಯಾವಾಗ?

"ಬ್ರೋಕರ್ ಎರಡು ಪರ್ಸೆಂಟ್ ಕೇಳ್ತಿದ್ದಾರೆ, ಇದು ಸರಿಯಾ?" "ಮಾರುವವರ ಹತ್ತಿರವೂ ತಗೊಂಡು ನಮ್ಮ ಹತ್ತಿರವೂ ತಗೊಳ್ಳಬಹುದಾ?" "ವ್ಯಾಪಾರ ಮುರಿದುಬಿತ್ತು, ಆದರೂ ಕಮಿಷನ್ ಕೊಡಿ ಅಂತಿದ್ದಾರೆ, ಏನು ಮಾಡೋದು?" ಮನೆ ವ್ಯವಹಾರದ ಬಗ್ಗೆ ಏನೇ ಬರೆದರೂ ಓದುಗರಿಂದ ತಿರುಗಿ ಬರುವುದು ಈ ಮೂರು ಪ್ರಶ್ನೆಗಳೇ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಓದುಗರಿಗೂ ಇದು ಬಹುಪಾಲು ಅನ್ವಯಿಸುತ್ತದೆ.

ಮೊದಲು ಒಂದು ವಿಷಯ ತಿಳಿದಿರಲಿ. ಮನೆ ಮಾರಾಟದ ಕಮಿಷನ್ ಇಷ್ಟೇ ಇರಬೇಕು ಎಂದು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಎಲ್ಲೂ ಹೇಳಿಲ್ಲ. "ಗೌರ್ಮೆಂಟ್ ರೇಟು ಎರಡು ಪರ್ಸೆಂಟ್ ಸಾರ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀವು ಮತ್ತು ಬ್ರೋಕರ್ ಏನು ಒಪ್ಪಿಕೊಂಡಿರೋ ಅದೇ ದರ. ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಮನೆ ನೋಡುವಾಗ "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ" ಎಂದು ಇಬ್ಬರೂ ಸುಮ್ಮನಾಗುತ್ತಾರೆ. ರಿಜಿಸ್ಟ್ರೇಷನ್ ದಿನ ಒಬ್ಬರ ತಲೆಯಲ್ಲಿ ಅರ್ಧ ಪರ್ಸೆಂಟ್ ಇರುತ್ತದೆ, ಇನ್ನೊಬ್ಬರ ತಲೆಯಲ್ಲಿ ಎರಡು.

ಹಂತ 1: ಬ್ರೋಕರ್ ಯಾರ ಕಡೆಯವರು ಎಂದು ಕೇಳಿ

ನಾಚಿಕೆಯಿಲ್ಲದೆ ನೇರವಾಗಿ ಕೇಳಿ: "ನಿಮಗೆ ಕಮಿಷನ್ ಕೊಡೋದು ಯಾರು? ಅವರ ಹತ್ತಿರ ಎಷ್ಟು, ನಮ್ಮ ಹತ್ತಿರ ಎಷ್ಟು?"

ಬಿಲ್ಡರ್ ಹತ್ತಿರ ಹೊಸ ಫ್ಲ್ಯಾಟ್ ಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಬ್ರೋಕರ್‌ಗೆ ಹಣ ಕೊಡುವುದು ಬಿಲ್ಡರ್. ಇಂಥ ಬ್ರೋಕರ್‌ಗಳಿಗೆ "ಚಾನೆಲ್ ಪಾರ್ಟ್‌ನರ್" ಎಂಬ ಹೆಸರಿದೆ. ಅಂದರೆ ಬಿಲ್ಡರ್ ಪರವಾಗಿ ಗಿರಾಕಿ ಕರೆತರುವವರು. ಅಲ್ಲಿ ನಿಮ್ಮಿಂದ ಬೇರೆ ಕಮಿಷನ್ ಕೇಳುವುದು ರೂಢಿಯಲ್ಲಿಲ್ಲ. ಕೇಳಿದರೆ ಯಾಕೆ ಅಂತ ಕೇಳಿ. ಅವರು ಹತ್ತು ಪ್ರಾಜೆಕ್ಟ್ ತೋರಿಸಿ ಒಂದನ್ನು ಮಾತ್ರ ಜಾಸ್ತಿ ಹೊಗಳುತ್ತಿದ್ದರೆ, ಅಲ್ಲಿ ಅವರಿಗೆ ಸಿಗುವ ಪಾಲೂ ಜಾಸ್ತಿ ಇರಬಹುದು. ಅವರ ಮಾತು ಕೇಳಿ, ಆದರೆ ಮನೆಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಬಿಲ್ಡರ್ ಬುಕಿಂಗ್ ಹಣ ಕೇಳಿದಾಗಲೂ ಒಂದು ಮಾತು ನೆನಪಿರಲಿ: ನೋಂದಾಯಿತ ಕರಾರು ಮಾಡಿಕೊಳ್ಳುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳಲು ರೇರಾ ಕಾಯ್ದೆ ಬಿಡುವುದಿಲ್ಲ.

ರೀಸೇಲ್ ಮನೆ, ಅಂದರೆ ಒಬ್ಬ ಮಾಲೀಕರಿಂದ ಇನ್ನೊಬ್ಬರು ಕೊಳ್ಳುವ ಮನೆಯ ಲೆಕ್ಕ ಬೇರೆ. ನಮ್ಮಲ್ಲಿ ಬಹಳ ಕಡೆ ಒಬ್ಬರೇ ಬ್ರೋಕರ್ ಮಾರುವವರಿಂದಲೂ ಕೊಳ್ಳುವವರಿಂದಲೂ ತೆಗೆದುಕೊಳ್ಳುತ್ತಾರೆ. ಎರಡೂ ಕಡೆಯವರಿಗೆ ಗೊತ್ತಿದ್ದು, ಇಬ್ಬರೂ ಒಪ್ಪಿದ್ದರೆ ಇದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಮುಚ್ಚಿಟ್ಟಾಗ. ಎರಡೂ ಕಡೆ ಹಣ ತೆಗೆದುಕೊಳ್ಳುವವರು ನಿಮ್ಮ ಪರವಾಗಿ ಗಟ್ಟಿಯಾಗಿ ಚೌಕಾಸಿ ಮಾಡುತ್ತಾರೆ ಎಂದುಕೊಳ್ಳಬೇಡಿ. ಬೆಲೆಯ ಮಾತು ಬಂದಾಗ ಮಾಲೀಕರ ಜೊತೆ ನೀವೇ ಕೂತು ಮಾತಾಡಿ.

ಹಂತ 2: ರೇರಾ ನಂಬರ್ ನೋಡಿ

ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. 2016ರ ಕಾಯ್ದೆಯ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ನ ಸೈಟು, ಫ್ಲ್ಯಾಟು ಮಾರಿಸುವ ಏಜೆಂಟರೂ ನೋಂದಣಿ ಮಾಡಿಸಿರಲೇಬೇಕು. ನೋಂದಣಿ ಇಲ್ಲದೆ ಆ ಕೆಲಸ ಮಾಡಿದರೆ ದಿನಕ್ಕೆ ₹10,000ದಂತೆ, ಆ ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು. ಕರ್ನಾಟಕದ ಏಜೆಂಟರ ನಂಬರಿನಲ್ಲಿ "ಎಜಿ" ಅಕ್ಷರಗಳಿರುತ್ತವೆ, ಪ್ರಾಜೆಕ್ಟ್ ನಂಬರಿನಲ್ಲಿ "ಪಿಆರ್" ಇರುತ್ತದೆ. ಕೆಲವರು ಪ್ರಾಜೆಕ್ಟ್ ನಂಬರ್ ತೋರಿಸಿ ತಮ್ಮದು ಎನ್ನುತ್ತಾರೆ, ಆ ಎರಡಕ್ಷರ ನೋಡಿ. ಕರ್ನಾಟಕ ರೇರಾದ ಜಾಲತಾಣದಲ್ಲಿ ಏಜೆಂಟರ ಹೆಸರು ಹುಡುಕಲು ಐದು ನಿಮಿಷ ಸಾಕು.

ಹಳೆಯ ಬಡಾವಣೆಯ ಸ್ವತಂತ್ರ ಮನೆಗಳು ಸಾಮಾನ್ಯವಾಗಿ ರೇರಾ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಂಬರ್ ಇಲ್ಲದ ಮಾತ್ರಕ್ಕೆ ಬ್ರೋಕರ್ ಮೋಸಗಾರ ಎಂದಲ್ಲ. ಇಪ್ಪತ್ತು ವರ್ಷದಿಂದ ಅದೇ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು, ಪ್ರತಿ ಮನೆಯ ಚರಿತ್ರೆ ಬಲ್ಲ ಬ್ರೋಕರ್‌ಗಳಿದ್ದಾರೆ. ಅವರ ಕೆಲಸಕ್ಕೆ ಬೆಲೆ ಇದೆ.

ಹಂತ 3: ದರ ಎಷ್ಟು, ಯಾವ ಮೊತ್ತದ ಮೇಲೆ

ಬೆಂಗಳೂರಿನಲ್ಲಿ ರೀಸೇಲ್ ಮನೆಗೆ ಒಂದು ಕಡೆಯಿಂದ ಶೇ. 1ರಿಂದ 2 ಕೇಳುವುದು ರೂಢಿ. ಬೆಲೆ ಕೋಟಿ ದಾಟಿದರೆ ಚೌಕಾಸಿಗೆ ಜಾಗ ಜಾಸ್ತಿ. ಅರ್ಧ ಪರ್ಸೆಂಟಿಗೆ ಇಳಿಯುವವರೂ ಇದ್ದಾರೆ, ಪರ್ಸೆಂಟ್ ಬೇಡ ಇಷ್ಟು ಲಮ್‌ಸಮ್ ಕೊಡಿ ಎನ್ನುವವರೂ ಇದ್ದಾರೆ. ದರಕ್ಕಿಂತ ಜನ ಎಡವುವುದು ಎರಡನೇ ಪ್ರಶ್ನೆಯಲ್ಲಿ: ಯಾವ ಮೊತ್ತದ ಮೇಲೆ?

ಮಾಲೀಕರು ಮೊದಲು ಹೇಳಿದ ಬೆಲೆ ಒಂದು, ಕೊನೆಗೆ ಕುದುರಿದ ಬೆಲೆ ಇನ್ನೊಂದು. ಸರ್ಕಾರದ ಮಾರ್ಗಸೂಚಿ ಬೆಲೆ, ಅಂದರೆ ಗೈಡೆನ್ಸ್ ವ್ಯಾಲ್ಯೂ ಮೂರನೆಯದು. ಮಾಡ್ಯುಲರ್ ಕಿಚನ್, ಎಸಿ, ಸೋಫಾಕ್ಕೆ ಪ್ರತ್ಯೇಕವಾಗಿ ಕೊಟ್ಟ ಹಣ ನಾಲ್ಕನೆಯದು. "ಕ್ರಯಪತ್ರದಲ್ಲಿ ಬರೆದ ಬೆಲೆಯ ಮೇಲೆ" ಎಂದು ಸ್ಪಷ್ಟ ಮಾಡಿಕೊಳ್ಳಿ. ಕ್ರಯಪತ್ರ ಎಂದರೆ ಸೇಲ್ ಡೀಡ್, ಮನೆಯನ್ನು ನಿಮ್ಮ ಹೆಸರಿಗೆ ಮಾಡುವ ನೋಂದಾಯಿತ ದಾಖಲೆ.

₹80 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಶೇ. 1 ಎಂದರೆ ₹80,000. ಬ್ರೋಕರ್ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇ. 18, ಅಂದರೆ ₹14,400 ಸೇರಿ ₹94,400 ಆಗುತ್ತದೆ. ಶೇ. 2 ಆದರೆ ಇದೇ ಲೆಕ್ಕದಲ್ಲಿ ₹1,88,800. "ಒಂದು ಪರ್ಸೆಂಟ್" ಎಂದು ಒಪ್ಪಿದಾಗ ಜಿಎಸ್‌ಟಿ ಸೇರಿಯೋ ಸೇರದೆಯೋ ಎಂದು ಆಗಲೇ ಕೇಳದಿದ್ದರೆ ಕೊನೆಗೆ ಹದಿನಾಲ್ಕು ಸಾವಿರಕ್ಕೆ ಮುಖ ಕೆಡುತ್ತದೆ. ಜಿಎಸ್‌ಟಿ ನಂಬರ್ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.

ಈಗ ಓದುಗರು ಜಾಸ್ತಿ ಗೊಂದಲ ಮಾಡಿಕೊಳ್ಳುವ ಜಾಗ. ಇದೇ ₹80 ಲಕ್ಷದ ಮನೆಯಲ್ಲಿ ಮೂರು ಬೇರೆ ಬೇರೆ "ಪರ್ಸೆಂಟ್"ಗಳು ಓಡಾಡುತ್ತವೆ. ಒಂದು, ಟಿಡಿಎಸ್. ಬೆಲೆ ₹50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಮಾರುವವರ ಹಣದಲ್ಲಿ ಶೇ. 1 ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಅದು ಮಾರುವವರ ತೆರಿಗೆ ಖಾತೆಗೆ ಜಮೆಯಾಗುತ್ತದೆ. ಎರಡು, ನೋಂದಣಿ ಶುಲ್ಕ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಇದು ಶೇ. 1ರಿಂದ ಶೇ. 2ಕ್ಕೆ ಏರಿತು. ₹80 ಲಕ್ಷಕ್ಕೆ ₹1,60,000. ಶೇ. 5 ಸ್ಟಾಂಪ್ ಡ್ಯೂಟಿ ಮತ್ತು ಅದರ ಮೇಲಿನ ಸೆಸ್ ಇದಕ್ಕೆ ಹೊರತು. ಮೂರನೆಯದು ಬ್ರೋಕರ್ ಕಮಿಷನ್. ಮೊದಲನೆಯದು ಇಲಾಖೆಗೆ, ಎರಡನೆಯದು ರಾಜ್ಯ ಸರ್ಕಾರಕ್ಕೆ, ಮೂರನೆಯದು ಬ್ರೋಕರ್‌ಗೆ. "ಒಟ್ಟು ಇಷ್ಟು ಕೊಡಿ, ಎಲ್ಲ ನಾನೇ ನೋಡ್ಕೊಳ್ತೀನಿ" ಎಂದರೆ ಒಪ್ಪಬೇಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸರ್ಕಾರದ ಶುಲ್ಕವನ್ನು ನೀವೇ ಆನ್‌ಲೈನಿನಲ್ಲಿ ಕಟ್ಟಬಹುದು. ಚಲನ್ ನಿಮ್ಮ ಕೈಯಲ್ಲಿರಲಿ.

ಇನ್ನು "ನೆಟ್ ರೇಟು". ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಮಾರುವವರು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ಬ್ರೋಕರ್ ಬಂದು, "ನಿಮಗೆ ಕೈಗೆ ಎಷ್ಟು ಬರಬೇಕು ಹೇಳಿ, ಕಮಿಷನ್ ಬೇಡ, ಮೇಲಿನದ್ದು ನಂದು" ಎನ್ನುತ್ತಾರೆ. ಕೇಳಲು ಸುಲಭವಾಗಿದೆ. ನೀವು 75 ಲಕ್ಷ ಅಂದಿರಿ. ಅವರು ಕೊಳ್ಳುವವರಿಗೆ 79 ಅಂದರು. ನಡುವಿನ ₹4 ಲಕ್ಷ ಅವರದ್ದು. ಶೇ. 1ರ ಲೆಕ್ಕದಲ್ಲಿ ಅವರಿಗೆ ಸಿಗಬೇಕಿದ್ದದ್ದು ₹79,000. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದು. ಕ್ರಯಪತ್ರದಲ್ಲಿ 75 ಬರೆಯುವುದೋ 79 ಬರೆಯುವುದೋ? 79 ಬರೆದರೆ ನಿಮ್ಮ ಕೈಗೆ ಬಾರದ 4 ಲಕ್ಷವೂ ನಿಮ್ಮ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. 75 ಬರೆದರೆ ಕೊಳ್ಳುವವರು ಉಳಿದ 4 ಲಕ್ಷವನ್ನು ನಗದಾಗಿ ಕೊಡಬೇಕಾಗುತ್ತದೆ. ಮುಂದೆ ಅವರು ಮನೆ ಮಾರುವಾಗ ಆ 4 ಲಕ್ಷ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇದರದೇ ಇನ್ನೊಂದು ರೂಪ ಅಗ್ರಿಮೆಂಟ್ ಹಾಕಿಕೊಂಡು ಮಾರುವುದು. ಬ್ರೋಕರ್ ಒಂದೆರಡು ಲಕ್ಷ ಅಡ್ವಾನ್ಸ್ ಕೊಟ್ಟು ತಮ್ಮ ಹೆಸರಿಗೇ ಕರಾರು ಬರೆಸಿಕೊಳ್ಳುತ್ತಾರೆ. ಅದರಲ್ಲಿ "ನಾನು ಅಥವಾ ನಾನು ಸೂಚಿಸಿದವರ ಹೆಸರಿಗೆ" ಎಂಬ ಸಾಲು ಇರುತ್ತದೆ. ಆಮೇಲೆ ನಿಮ್ಮ ಮನೆಗೆ ಅವರೇ ಗಿರಾಕಿ ಹುಡುಕಿ ಜಾಸ್ತಿ ಬೆಲೆಗೆ ಕೈ ಬದಲಾಯಿಸುತ್ತಾರೆ. ಗಿರಾಕಿ ಸಿಗದಿದ್ದರೆ ನಿಮ್ಮ ಮನೆ ಆ ಕರಾರಿನಲ್ಲಿ ಸಿಕ್ಕಿಕೊಂಡಿರುತ್ತದೆ. ನಿಮ್ಮ ಪರವಾಗಿ ಕೆಲಸ ಮಾಡಬೇಕಾದ ಏಜೆಂಟ್ ನಿಮಗೆ ಗೊತ್ತಿಲ್ಲದೆ ತನ್ನ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭವನ್ನು ಕೇಳುವ ಹಕ್ಕು ನಿಮಗಿದೆ. 1872ರ ಕರಾರು ಕಾಯ್ದೆಯ 216ನೇ ಕಲಂ ಹೇಳುವುದು ಇದನ್ನೇ. ಆದರೆ ನೀವೇ ಸಹಿ ಹಾಕಿ ಒಪ್ಪಿದ ಮೇಲೆ "ಗೊತ್ತಿಲ್ಲದೆ" ಎನ್ನಲಾಗುವುದಿಲ್ಲ. ನನ್ನ ಸಲಹೆ ಒಂದೇ: ನೆಟ್ ರೇಟಿಗೆ ಒಪ್ಪಬೇಡಿ. ಪರ್ಸೆಂಟ್ ಅಥವಾ ಲಮ್‌ಸಮ್ ಮಾತಾಡಿ, ಅದನ್ನು ಮನಸಾರೆ ಕೊಡಿ.

ಹಂತ 4: ಬರೆದುಕೊಳ್ಳಿ

ಮೊದಲ ಮನೆ ನೋಡುವ ಮೊದಲೇ ಇದು ಆಗಬೇಕು. ಇ-ಸ್ಟಾಂಪ್ ಪೇಪರಿನ ಮೇಲಾದರೆ ಒಳ್ಳೆಯದು. ಅಷ್ಟಕ್ಕೆ ಮನಸ್ಸಿಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಇಬ್ಬರ ಸಹಿ. ಅದೂ ಆಗದಿದ್ದರೆ ವಾಟ್ಸಾಪಿನಲ್ಲಿ ಪೂರ್ತಿ ಬರೆದು ಕಳಿಸಿ, ಅವರಿಂದ "ಒಪ್ಪಿದೆ" ಎಂಬ ಉತ್ತರ ತರಿಸಿಕೊಳ್ಳಿ. ಬ್ರೋಕರ್‌ಗೆ ಬೇಜಾರಾಗುತ್ತದೇನೋ ಎಂಬ ಸಂಕೋಚ ಬೇಡ. ಒಳ್ಳೆಯ ಬ್ರೋಕರ್‌ಗೆ ಇದರಿಂದ ರಕ್ಷಣೆಯೇ ಸಿಗುತ್ತದೆ, ಯಾಕೆಂದರೆ ಕೆಲಸ ಮಾಡಿಸಿಕೊಂಡು ಕೈಕೊಡುವ ಗಿರಾಕಿಗಳೂ ಬೇಕಾದಷ್ಟು ಇದ್ದಾರೆ.

ಅಮೆರಿಕದಲ್ಲಿರುವ ಓದುಗರಿಗೆ ಇದು ಈಗ ಪರಿಚಿತ ವಿಷಯ. ಅಲ್ಲಿ ಮಾರುವವರು ಕೊಟ್ಟ ಶೇ. 5–6 ಕಮಿಷನ್ ಎರಡೂ ಕಡೆಯ ಏಜೆಂಟರ ನಡುವೆ ಹಂಚಿಕೆಯಾಗುವುದು ಬಹಳ ಕಾಲದ ರೂಢಿಯಾಗಿತ್ತು. ಕೋರ್ಟ್ ಮೊಕದ್ದಮೆಯೊಂದರ ರಾಜಿಯ ನಂತರ, 2024ರ ಆಗಸ್ಟ್ 17ರಿಂದ ಅಲ್ಲಿನ ಏಜೆಂಟರ ರಾಷ್ಟ್ರೀಯ ಸಂಘ ನಿಯಮ ಬದಲಿಸಿತು. ಸಂಘದ ಪಟ್ಟಿ ಬಳಸುವ ಏಜೆಂಟರು ಕೊಳ್ಳುವವರಿಗೆ ಮನೆ ತೋರಿಸುವ ಮೊದಲೇ ತಮ್ಮ ಶುಲ್ಕ ಎಷ್ಟು ಎಂದು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ನಮ್ಮಲ್ಲಿ ಅಂಥ ನಿಯಮ ಇಲ್ಲ, ಹಾಗಾಗಿ ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಮಾರುವವರಿಗೆ ಉಪಯೋಗವಾಗಲಿ ಎಂದು ಒಂದು ಮಾದರಿ ಕೊಡುತ್ತಿದ್ದೇನೆ. ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ:

"______ ವಿಳಾಸದ ನನ್ನ ಮನೆಗೆ ಖರೀದಿದಾರರನ್ನು ಹುಡುಕಿಕೊಡಲು ______ ಅವರಿಗೆ ______ ತಾರೀಖಿನಿಂದ 90 ದಿನಗಳ ಮಟ್ಟಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಅವರು ಕರೆತಂದ ಖರೀದಿದಾರರ ಹೆಸರಿಗೆ ಕ್ರಯಪತ್ರ ನೋಂದಣಿಯಾದರೆ, ಕ್ರಯಪತ್ರದಲ್ಲಿ ಬರೆದ ಬೆಲೆಯ ಮೇಲೆ ಶೇ. 1 ಕಮಿಷನ್ ಕೊಡುತ್ತೇನೆ. ಜಿಎಸ್‌ಟಿ ಬಿಲ್ ಕೊಟ್ಟರೆ ಜಿಎಸ್‌ಟಿ ಪ್ರತ್ಯೇಕ. ಬೇರೆ ಮಧ್ಯವರ್ತಿಗಳು ಸೇರಿದ್ದರೆ ಇದೇ ಮೊತ್ತದಲ್ಲಿ ಅವರವರೇ ಹಂಚಿಕೊಳ್ಳಬೇಕು. ನೋಂದಣಿ ಆಗದಿದ್ದರೆ ಕಮಿಷನ್ ಇಲ್ಲ. ನಾನಾಗಿ ಹಿಂದೆ ಸರಿದರೆ ಮಾತ್ರ ಅವರ ಶ್ರಮಕ್ಕೆ ₹______ ಕೊಡುತ್ತೇನೆ. ಅವಧಿ ಮುಗಿದು 3 ತಿಂಗಳೊಳಗೆ ಅವರು ತೋರಿಸಿದ ಖರೀದಿದಾರರಿಗೇ ಮಾರಿದರೆ ಇದೇ ದರ ಕೊಡುತ್ತೇನೆ. ಖರೀದಿದಾರರಿಂದಲೂ ಕಮಿಷನ್ ಪಡೆಯುವುದಾದರೆ ಅದನ್ನು ನನಗೆ ಮೊದಲೇ ತಿಳಿಸಬೇಕು."

ಇದರಲ್ಲಿ ಎರಡು ಸಾಲುಗಳ ಬಗ್ಗೆ ಹೇಳಬೇಕು. ಮಧ್ಯವರ್ತಿಗಳ ಸಾಲನ್ನು ಬಿಡಬೇಡಿ. ನಮ್ಮ ಕುಟುಂಬದ ಮನೆ ಮಾರಿದಾಗ ಮಾತಾಡಿದ್ದು ಒಬ್ಬರ ಜೊತೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲಿ ನಿಂತಿದ್ದು ಮೂವರು. ಒಬ್ಬರು ಗಿರಾಕಿಯ ಕಡೆ, ಒಬ್ಬರು ಬಡಾವಣೆಯ ಕಡೆ, ಇನ್ನೊಬ್ಬರು ಯಾರೆಂದು ಕೊನೆವರೆಗೂ ಗೊತ್ತಾಗಲಿಲ್ಲ. ಬರವಣಿಗೆ ಇಲ್ಲದ್ದರಿಂದ ಅವತ್ತು ಒಪ್ಪಿದ್ದಕ್ಕಿಂತ ಜಾಸ್ತಿ ಕೊಟ್ಟು ಬಂದೆವು.

ಇನ್ನೊಂದು, ಮೂರು ತಿಂಗಳ ಸಾಲು. ಬ್ರೋಕರ್ ಮನೆ ತೋರಿಸಿದ ಮೇಲೆ ಮಾಲೀಕರು ಮತ್ತು ಗಿರಾಕಿ ಫೋನ್ ನಂಬರ್ ಬದಲಾಯಿಸಿಕೊಂಡು, ಬ್ರೋಕರ್‌ನ ಬಿಟ್ಟು ವ್ಯಾಪಾರ ಮುಗಿಸುವುದು ಬಹಳ ಕಡೆ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಲ್ಲಿ ಬೈಕಿನಲ್ಲಿ ಹತ್ತು ಸಲ ಓಡಾಡಿ ಮನೆ ತೋರಿಸಿದವರ ಕೂಲಿ ಅದು. ಈ ಸಾಲನ್ನು ನೀವಾಗಿಯೇ ಬರೆದು ಕೊಟ್ಟರೆ ಬ್ರೋಕರ್‌ಗೂ ನಿಮ್ಮ ಮೇಲೆ ನಂಬಿಕೆ ಬರುತ್ತದೆ, ಗಿರಾಕಿಗಳನ್ನು ಧೈರ್ಯವಾಗಿ ಕರೆತರುತ್ತಾರೆ.

ಕೊಳ್ಳುವವರಾದರೆ ಇದೇ ಪತ್ರವನ್ನು ತಿರುಗಿಸಿ ಬರೆಯಿರಿ. ಜೊತೆಗೆ "ಅವರು ನನಗೆ ತೋರಿಸಿದ ಮನೆಗಳು" ಎಂದು ವಿಳಾಸ ಮತ್ತು ತಾರೀಖಿನ ಪಟ್ಟಿ ಸೇರಿಸಿ. ಒಂದೇ ಫ್ಲ್ಯಾಟನ್ನು ಇಬ್ಬರು ಬ್ರೋಕರ್ ತೋರಿಸಿದಾಗ ಮೊದಲು ತೋರಿಸಿದವರು ಯಾರು ಎಂಬ ಜಗಳಕ್ಕೆ ಆ ಪಟ್ಟಿಯೇ ಉತ್ತರ.

ಹಂತ 5: ಟೋಕನ್ ಹಣ ಬ್ರೋಕರ್ ಕೈಗೆ ಕೊಡಬೇಡಿ

ಟೋಕನ್ ಎಂದರೆ ಮನೆ ಮೆಚ್ಚಿ "ಬೇರೆಯವರಿಗೆ ತೋರಿಸಬೇಡಿ" ಎಂದು ಕೊಡುವ ಸಣ್ಣ ಮುಂಗಡ. ಅದು ಮಾಲೀಕರ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ಬ್ರೋಕರ್ ಖಾತೆಗೆ ಹಾಕಿ, ಮಾಲೀಕರು "ನನಗೆ ಗೊತ್ತೇ ಇಲ್ಲ" ಎಂದಾಗ ಅತ್ತವರ ಪತ್ರಗಳು ನನಗೆ ಬಂದಿವೆ. ಟೋಕನ್ ಕೊಡುವ ಮೊದಲು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ನೋಡಿ, ಅದರಲ್ಲಿರುವ ಮಾಲೀಕರ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಒಂದೇ ಇದೆಯಾ ಎಂದು ತಾಳೆ ಹಾಕಿ. ಬೆಂಗಳೂರಾದರೆ ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆಯನ್ನೂ ಕೇಳಿ. ಹಣ ಹಾಕಿದ ಮೇಲೆ ವ್ಯಾಪಾರ ಆಗದಿದ್ದರೆ ಎಷ್ಟು ದಿನದಲ್ಲಿ ವಾಪಸ್ ಎಂದು ಮಾಲೀಕರಿಂದ ಒಂದು ಮೆಸೇಜ್ ತರಿಸಿಕೊಳ್ಳಿ.

ಮಾರುವವರಿಗೆ ಒಂದು ಎಚ್ಚರಿಕೆ: ಮೂಲ ದಾಖಲೆಗಳನ್ನು ಬ್ರೋಕರ್ ಹತ್ತಿರ ಬಿಡಬೇಡಿ. ಜೆರಾಕ್ಸ್ ಸಾಕು. ಕಮಿಷನ್ ಜಗಳದಲ್ಲಿ ಮೂಲ ಪತ್ರಗಳು ಒತ್ತೆಯಾಗಿ ಕೂರುವುದುಂಟು.

ಹಂತ 6: ಯಾವಾಗ ಕೊಡಬೇಕು

ಕರಾರು ಕಾಯ್ದೆಯ 219ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಏಜೆಂಟ್‌ಗೆ ಒಪ್ಪಿಸಿದ ಕೆಲಸ ಮುಗಿಯುವವರೆಗೆ ಅವರ ಹಣ ಬಾಕಿ ಎಂದಾಗುವುದಿಲ್ಲ. ಇಲ್ಲಿ ಉಳಿಯುವ ಪ್ರಶ್ನೆ "ಕೆಲಸ" ಎಂದರೆ ಯಾವುದು ಎಂಬುದು. ಗಿರಾಕಿ ತೋರಿಸುವುದಾ? ಮಾರಾಟದ ಕರಾರಿಗೆ ಸಹಿಯಾಗುವುದಾ? ನೋಂದಣಿಯಾಗುವುದಾ? ನೀವು ಬರೆದುಕೊಳ್ಳದಿದ್ದರೆ ಬ್ರೋಕರ್ ಮೊದಲನೆಯದು ಎನ್ನುತ್ತಾರೆ, ನೀವು ಮೂರನೆಯದು ಎನ್ನುತ್ತೀರಿ.

ಬೆಂಗಳೂರಿನಲ್ಲಿ ಅರ್ಧ ಕರಾರಿನ ದಿನ, ಅರ್ಧ ನೋಂದಣಿ ದಿನ ಕೇಳುವುದು ಸಾಮಾನ್ಯ. ಪೂರ್ತಿ ನೋಂದಣಿ ದಿನವೇ ಕೊಡುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಬ್ರೋಕರ್ ಒಪ್ಪದಿದ್ದರೆ ಕರಾರಿನ ದಿನ ಕಾಲು ಭಾಗ ಕೊಡಿ. ವ್ಯಾಪಾರ ಮುರಿದರೆ ಆ ಹಣ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ಕರಾರಿಗೂ ನೋಂದಣಿಗೂ ನಡುವೆ ಎರಡು ಮೂರು ತಿಂಗಳು ಹಿಡಿಯುವುದುಂಟು. ಬ್ಯಾಂಕ್ ಸಾಲ, ಖಾತಾ ತಿದ್ದುಪಡಿ, ಅಣ್ಣ ತಮ್ಮಂದಿರ ಸಹಿ, ಎಲ್ಲ ಕಗ್ಗಂಟೂ ಬರುವುದು ಆಗಲೇ. ಪೂರ್ತಿ ಹಣ ಮೊದಲೇ ಹೋಗಿದ್ದರೆ ಆ ಕಷ್ಟದ ದಿನಗಳಲ್ಲಿ ಬ್ರೋಕರ್ ಫೋನ್ ಎತ್ತುವುದಿಲ್ಲ.

ಮುರಿದುಬಿದ್ದಾಗ ನ್ಯಾಯ ಯಾವುದು? ಮನೆಯ ದಾಖಲೆಯಲ್ಲಿ ದೋಷ ಸಿಕ್ಕಿ ಕೊಳ್ಳುವವರು ಬಿಟ್ಟರೆ ಅವರು ಬ್ರೋಕರ್‌ಗೆ ಕೊಡಬೇಕಾಗಿಲ್ಲ. ದೋಷ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಆ ಬ್ರೋಕರ್ ಕಮಿಷನ್ ಕೇಳುವ ಹಕ್ಕನ್ನೇ ಕಳೆದುಕೊಳ್ಳಬಹುದು. ತನ್ನ ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟ್‌ಗೆ ಆ ಭಾಗದ ಸಂಭಾವನೆ ಇಲ್ಲ ಎಂದು 220ನೇ ಕಲಂ ಹೇಳುತ್ತದೆ. ಬ್ಯಾಂಕ್ ಸಾಲ ಸಿಗದೆ ಬಿದ್ದರೆ ಇಬ್ಬರದೂ ತಪ್ಪಲ್ಲ, ಅದನ್ನು ಮೊದಲೇ ಬರೆದುಕೊಂಡಿರಬೇಕು. ಆದರೆ ಎಲ್ಲ ಸರಿ ಇದ್ದು, ಮಾಲೀಕರು ಇನ್ನೂ ಎರಡು ಲಕ್ಷ ಜಾಸ್ತಿ ಸಿಕ್ಕಿತು ಎಂದು ಮಾತು ತಪ್ಪಿದರೆ ಬ್ರೋಕರ್ ಶ್ರಮಕ್ಕೆ ಏನಾದರೂ ಕೊಡುವುದು ಧರ್ಮ.

ದುಡ್ಡಿನ ಸಿದ್ಧತೆಯೂ ಮುಖ್ಯ. ಗೃಹಸಾಲದ ಲೆಕ್ಕದಲ್ಲಿ ಬ್ರೋಕರ್ ಕಮಿಷನ್ ಸೇರುವುದಿಲ್ಲ. ಅದನ್ನು ನಿಮ್ಮ ಕೈಯಿಂದಲೇ ಕೊಡಬೇಕು, ಬೇರೆ ತೆಗೆದಿಟ್ಟಿರಿ.

ಹಂತ 7: ಹೇಗೆ ಕೊಡಬೇಕು

ಚೆಕ್, ಎನ್‌ಇಎಫ್‌ಟಿ ಅಥವಾ ಯುಪಿಐ. ನಗದು ಬೇಡ. ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮನೆಯ ಬೆಲೆಯ ವಿಷಯದಲ್ಲಂತೂ ₹20,000 ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. "ಅಡ್ವಾನ್ಸ್ ಕ್ಯಾಶ್ ಕೊಡಿ, ಏನಾಗಲ್ಲ" ಎನ್ನುವ ಬ್ರೋಕರ್ ಮಾತು ಕೇಳಿ ಮಾಲೀಕರು ಸಿಕ್ಕಿಕೊಳ್ಳುತ್ತಾರೆ.

ರಸೀದಿ ತಪ್ಪದೇ ಪಡೆಯಿರಿ. ಬ್ರೋಕರ್ ಹೆಸರು, ವಿಳಾಸ, ಪ್ಯಾನ್ ನಂಬರ್, ಮನೆಯ ವಿವರ, ಮೊತ್ತ, "ಇನ್ನು ಬಾಕಿ ಇಲ್ಲ" ಎಂಬ ಸಾಲು, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಜಿಎಸ್‌ಟಿ ಕೊಟ್ಟಿದ್ದರೆ ನಂಬರ್ ಇರುವ ಬಿಲ್.

ಈ ಕಾಗದಕ್ಕೆ ನೇರ ಬೆಲೆಯೂ ಇದೆ. ಮಾರುವವರು ಲಾಭದ ಮೇಲೆ ತೆರಿಗೆ ಲೆಕ್ಕ ಹಾಕುವಾಗ ಬ್ರೋಕರ್‌ಗೆ ಕೊಟ್ಟದ್ದನ್ನು ಮಾರಾಟದ ಖರ್ಚೆಂದು ಕಳೆಯಬಹುದು. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಮನೆಗೆ ಶೇ. 12.5 ದರದಲ್ಲಿ ತೆರಿಗೆ ಬರುತ್ತದೆ ಎಂದುಕೊಂಡರೆ, ₹94,400ರ ರಸೀದಿ ₹11,800 ಉಳಿಸುತ್ತದೆ. ಕೊಳ್ಳುವವರು ಕೊಟ್ಟ ಕಮಿಷನ್ನೂ ಮನೆ ಕೊಂಡ ವೆಚ್ಚಕ್ಕೆ ಸೇರಿ, ಮುಂದೆ ಮಾರುವಾಗ ಲೆಕ್ಕಕ್ಕೆ ಬರುತ್ತದೆ. ರಸೀದಿಯನ್ನು ಕ್ರಯಪತ್ರದ ಜೊತೆಗೇ ಇಡಿ. ಸಾಮಾನ್ಯ ಕುಟುಂಬದವರು ಬ್ರೋಕರ್ ಕಮಿಷನ್ನಿನಲ್ಲಿ ಟಿಡಿಎಸ್ ಹಿಡಿಯುವ ಅಗತ್ಯ ಬರುವುದಿಲ್ಲ. ವ್ಯಾಪಾರ, ಕಂಪನಿ ಇರುವವರು ತಮ್ಮ ಆಡಿಟರನ್ನು ಕೇಳಿಕೊಳ್ಳಿ.

ವಿದೇಶದಲ್ಲಿರುವ ಕನ್ನಡಿಗರ ಮನೆ ಕೊಳ್ಳುತ್ತಿದ್ದೀರಾ? ಹಾಗಿದ್ದರೆ ಹಂತ 3ರ ಶೇ. 1 ಟಿಡಿಎಸ್ ನಿಮಗೆ ಅನ್ವಯಿಸುವುದಿಲ್ಲ. ಅನಿವಾಸಿ ಮಾಲೀಕರಿಗೆ ಹಿಡಿಯಬೇಕಾದ ದರ ಬೇರೆ, ಅದು ತುಂಬಾ ಜಾಸ್ತಿ, ಮತ್ತು ₹50 ಲಕ್ಷದ ಮಿತಿಯೂ ಇಲ್ಲ. "ಎಲ್ಲರೂ ಒಂದೇ ಪರ್ಸೆಂಟ್ ಹಿಡಿಯೋದು" ಎಂದು ಬ್ರೋಕರ್ ಹೇಳಿದರೂ, ಕಮ್ಮಿ ಹಿಡಿದರೆ ಇಲಾಖೆ ಕೇಳುವುದು ನಿಮ್ಮನ್ನು. ಕರಾರಿಗೆ ಮೊದಲೇ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ.

ಹಂತ 8: ಜಗಳ ಬಂದರೆ

ಮೊದಲು ಬರೆದ ಕಾಗದ ತೆಗೆದು ಕೂತು ಮಾತಾಡಿ. ಬಹಳಷ್ಟು ಜಗಳ ಅಲ್ಲೇ ಮುಗಿಯುತ್ತವೆ. ಒಪ್ಪಿಕೊಂಡಷ್ಟು ಹಣವನ್ನು ತಡೆಹಿಡಿಯಬೇಡಿ, ಅದನ್ನು ಖಾತೆಗೆ ಹಾಕಿ, ವಿವಾದದ ಭಾಗದ ಬಗ್ಗೆ ಮಾತ್ರ ಲಿಖಿತವಾಗಿ ತಕರಾರು ಹೇಳಿ. ನೋಂದಣಿ ದಿನ ಕಚೇರಿಯ ಮುಂದೆ ಗದ್ದಲ ಮಾಡಿ ಹೆದರಿಸಿದರೆ ಅಲ್ಲೇ ನಗದು ಎಣಿಸಬೇಡಿ. "ಒಪ್ಪಿದ್ದು ಇಷ್ಟು, ಸಂಜೆಯೊಳಗೆ ಖಾತೆಗೆ ಬರುತ್ತದೆ" ಎಂದಷ್ಟೇ ಹೇಳಿ ಒಳಗೆ ಹೋಗಿ.

ರೇರಾ ಪ್ರಾಜೆಕ್ಟಿನ ಫ್ಲ್ಯಾಟ್ ಅಥವಾ ಸೈಟಿನ ವಿಷಯವಾಗಿದ್ದು, ಏಜೆಂಟ್ ಸುಳ್ಳು ಹೇಳಿದ್ದರೆ ಕರ್ನಾಟಕ ರೇರಾಕ್ಕೆ ಆನ್‌ಲೈನ್ ದೂರು ಕೊಡಬಹುದು. ಬೇರೆ ಮನೆಗಳಲ್ಲಿ, ಹಣ ಪಡೆದು ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಟೋಕನ್ ಹಣ ನುಂಗಿ ಕಾಣೆಯಾದರೆ ಅದು ವಂಚನೆ, ಪೊಲೀಸ್ ಠಾಣೆಗೇ ಹೋಗಿ. ಎಲ್ಲಿ ಹೋದರೂ ಮೊದಲು ಕೇಳುವುದು ಆ ಕಾಗದ, ಬ್ಯಾಂಕ್ ವಿವರ ಮತ್ತು ವಾಟ್ಸಾಪ್ ಮಾತುಕತೆಯನ್ನು. ಮನೆ ನಿಮ್ಮ ಹೆಸರಿಗಾದ ಮೇಲೂ ಬ್ರೋಕರ್ ಜೊತೆಗಿನ ಚಾಟ್ ಅಳಿಸಬೇಡಿ. ಫೋನ್ ಬದಲಾಯಿಸುವ ಮೊದಲು ಅದರ ಪ್ರತಿಯನ್ನು ಇಮೇಲಿಗೆ ಕಳಿಸಿಕೊಳ್ಳಿ.